ಎರಡು ಪೊಟ್ಟಣ

ಅಕ್ಕನಿಗೆ,

ಜೊತೆಗಿರುವ ಪೊಟ್ಟಣಗಳನ್ನು ಮೂಸಿ ನೋಡಿ, ಇದನ್ನು ತಂದ ಬಸ್ ಡ್ರೈವರ್ ಕೈಯಲ್ಲೇ ಉತ್ತರ ಕಳಿಸು. ಕೆಂಪು ದಾರದ್ದರಲ್ಲಿ ಐದು ದಿನ ನೆರಳಲ್ಲಿ ಒಣಗಿದ ಗುಲಾಬಿ ಎಸಳಿದೆ. ಬಿಳಿ ದಾರದ್ದು ನಮ್ಮ ಔಷಧಿ ಕಾರ್ಖಾನೆಯ ಹೊಸ ಯಂತ್ರದಲ್ಲಿ ಅರ್ಧ ದಿನಕ್ಕೇ ಒಣಗಿದ್ದು.

ಮೊನ್ನೆ ಜ್ವರ ಬಿಟ್ಟು ಕೆಲಸಕ್ಕೆ ಹೋದವಳೇ, ಯಜಮಾನರ ಎದುರು ಯಂತ್ರದ ಎಸಳು ಒಂದು ಹಿಡಿ ಮೂಸಿ, "ಬಣ್ಣ ಇದೆ, ವಾಸನೇನೇ ಇಲ್ಲ. ಶಾಖಕ್ಕೆ ಸತ್ತೋಗಿದೆ, ಔಷಧಿಗೆ ಆಗಲ್ಲ" ಅಂದುಬಿಟ್ಟೆ. ಯಂತ್ರ ನೋಡಿಕೊಳ್ಳುವವನು, "ಶಾಖ ಕಮ್ಮೀನೇ ಇಟ್ಟಿದ್ದೆ, ಇನ್ಯಾರ ಕೈಲಾದ್ರೂ ನೋಡ್ಸಿ" ಎಂದು ಗೋಗರೆದ. ಇಪ್ಪತ್ತು ವರ್ಷ ಪಳಗಿದ ನನ್ನ ಮೂಗಿನ ಮುಂದೆ ಅವನ ಮಾತನ್ನು ಯಾರು ಕೇಳುತ್ತಾರೆ? ಸೋಮವಾರದಿಂದ ಅವನಿಗೆ ಕೆಲಸವಿಲ್ಲವಂತೆ.

ನಿನ್ನೆ ನಮ್ಮ ಒಲೆಯ ಮೇಲೆ ಹಾಲು ಸೀದುಹೋಗಿ, ಪಕ್ಕದ ಮನೆಯಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿಬಂದಳು. ನಾನು ಒಲೆಗೆ ಬೆನ್ನು ಹಾಕಿ, ಎರಡೇ ಮಾರು ದೂರದಲ್ಲಿ ಗುಂಡಿ ಹೊಲಿಯುತ್ತಿದ್ದೆ. ನನಗೇನೂ ತಿಳಿಯಲಿಲ್ಲ.

ಬಿಳಿ ದಾರದ್ದಕ್ಕೆ ವಾಸನೆ ಇದ್ದರೆ ಇದೆ ಎಂದೇ ಬರೆ, ನನಗೆ ನೋವಾಗುತ್ತದೆಂದು ಸುಳ್ಳು ಬರೆಯಬೇಡ. "ನೆರಳಿನದನ್ನು ನೀನೇ ಮೂಸಿದ್ದರೆ ಗೊತ್ತಾಗುತ್ತಿತ್ತಲ್ಲ" ಅನ್ನುತ್ತೀಯ. ಬೆಳಗ್ಗಿನಿಂದ ಆ ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡಿದ್ದೇನೆ ಅಕ್ಕ. ಗಂಟು ಬಿಚ್ಚುವ ಧೈರ್ಯ ಬರಲಿಲ್ಲ.

ನಿನ್ನ ಉತ್ತರದ ದಾರಿ ಕಾಯುತ್ತಿರುವ
ತಂಗಿ