ವಾಪಸ್ ಎಸೆದ ಚೆಂಡು

ಶಿಕಾಗೊ
19 ಸೆಪ್ಟೆಂಬರ್ 1985

ಪ್ರಿಯ ಮಿಸೆಸ್ ಟಟಲ್ ಅವರಿಗೆ,

ಲಕೋಟೆಯ ಮೇಲೆ ಲಿಯೋನಾ ಗೋರ್ಸ್ಕಿ ಎಂಬ ಹೆಸರು ನೋಡಿ ನೀವು ಮುಖ ಸಿಂಡರಿಸಿದ್ದರೆ ಅದು ನ್ಯಾಯವೇ. ಆದರೂ ಹರಿದು ಬಿಸಾಡುವ ಮೊದಲು ಒಂದು ಸಲ ಓದಿಬಿಡಿ. ಬಂದ ದಿನವೇ ನೀವು "ನನ್ನನ್ನ ವಿನಿ ಅಂತ ಕರಿಯಮ್ಮ" ಎಂದಿದ್ದಿರಿ. ಹತ್ತು ದಿನ ಒಂದೇ ಮೇಜಿನಲ್ಲಿ ಉಂಡೆವು, ಒಮ್ಮೆಯೂ ನಾನು ಹಾಗೆ ಕರೆಯಲಿಲ್ಲ. ಈಗ ಕರೆಯೋಣವೆಂದರೆ ನನಗೆ ಮುಖವಿಲ್ಲ.

ಜುಲೈನಲ್ಲಿ ಎರಡು ವಾರದ ರಜೆಗೆಂದು ಇಂಗ್ಲೆಂಡಿನಿಂದ ನಮ್ಮಪ್ಪನನ್ನು ನೋಡಲು ಬಂದವರು ನೀವು. ಬೇಸ್‌ಬಾಲ್ ಆಟ ನೋಡಿ ಬಂದ ಮಾರನೆಯ ದಿನವೇ, ತಂಗಿಗೆ ಹುಷಾರಿಲ್ಲವೆಂದು ನೆಪ ಹೇಳಿ, ನಾಲ್ಕು ದಿನ ಮೊದಲೇ ಹೊರಟುಬಿಟ್ಟಿರಿ. ಅಂದಿನಿಂದ ಅಪ್ಪ ಮೈದಾನದ ಕಡೆ ತಲೆ ಹಾಕಿಲ್ಲ. ಮೂವತ್ತಮೂರು ವರ್ಷದಿಂದ ಒಂದು ಬೇಸಿಗೆಯನ್ನೂ ತಪ್ಪಿಸದ ಮನುಷ್ಯ ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿಕೊಂಡು ಕೂತಿರುತ್ತಾನೆ. ಪಿರೋಗಿ ಕಡುಬು ಮಾಡಿಕೊಟ್ಟರೆ ಎರಡು ತಿಂದು ತಟ್ಟೆ ಸರಿಸುತ್ತಾನೆ. "ಅಷ್ಟು ಜನದ ಮುಂದೆ ಮಾನ ಹೋಯ್ತು ಪಾಪ ಆಕೇದು. ವಿನಿ ಇನ್ನು ಬರಲ್ಲ ಕಣೆ" ಎಂದು ನನಗೋ ರೇಡಿಯೊಗೋ ಹೇಳುತ್ತಾನೆ. ನೀವು ಮತ್ತೆ ಬರಬೇಕು, ಮಿಸೆಸ್ ಟಟಲ್. ಅದಕ್ಕೇ ಈ ಕಾಗದ. ಅಂದು ತಪ್ಪು ಮಾಡಿದವರು ನೀವಲ್ಲ, ನಾನು.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನನ್ನದು ಬರೀ ಕೆಟ್ಟ ಬುದ್ಧಿ ಎಂದುಕೊಳ್ಳುತ್ತೀರಿ. ಕೆಟ್ಟ ಬುದ್ಧಿಯೇ, ಇಲ್ಲವೆನ್ನುವುದಿಲ್ಲ. ಆದರೆ ಅದು ಒಂದೇ ದಿನಕ್ಕೆ ಬಂದದ್ದಲ್ಲ.

ಯುದ್ಧದ ಕಾಲದಲ್ಲಿ ಅಪ್ಪ ನಿಮ್ಮೂರಿನ ವಿಮಾನದ ನೆಲೆಯಲ್ಲಿದ್ದದ್ದು, ನೀವು ಅಲ್ಲಿ ಹುಡುಗರಿಗೆಲ್ಲ ಚಹಾ ಕೊಡುತ್ತಿದ್ದದ್ದು ನನಗೆ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಅಮ್ಮ ಸತ್ತಾಗ ನೀವು ಎರಡು ಸಾಲಿನ ಸಮಾಧಾನದ ಪತ್ರ ಬರೆದಿರಿ. ಆಮೇಲೆ ತಿಂಗಳಿಗೊಂದು, ಆಮೇಲೆ ವಾರಕ್ಕೊಂದು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕಾಗದದಲ್ಲಿರುವ ಹೆಂಗಸು ಸೋಫಾದಲ್ಲಿ ಜಾಗ ಕೇಳುವುದಿಲ್ಲವಲ್ಲ! ಆದರೆ ನೀವು ಬರುತ್ತೀರಿ ಎಂದ ಕೂಡಲೇ ಅಪ್ಪ ಹೊಸ ಅಂಗಿ ಕೊಂಡ. ಬಸ್ ಓಡಿಸುತ್ತಿದ್ದ ಅಷ್ಟೂ ವರ್ಷ ಭಾನುವಾರ ಗಡ್ಡ ಹೆರೆಯದವನು ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಹೆರೆದುಕೊಳ್ಳತೊಡಗಿದ. ಅರವತ್ತೆರಡು ವರ್ಷದ ಮದುಮಗ! ನಾನು ದಂತವೈದ್ಯರ ಕಚೇರಿಯಲ್ಲಿ ಇಡೀ ದಿನ ಫೋನು ಎತ್ತಿ, ಮನೆಗೆ ಬಂದು ಅಡುಗೆ ಮಾಡಿ, ಅವನ ಮಂಡಿಗೆ ಮುಲಾಮು ತಿಕ್ಕುವವಳು. ನನಗಾಗಿ ಅವನು ಒಂದು ದಿನ ತಲೆ ಬಾಚಿದ್ದು ನೆನಪಿಲ್ಲ.

ಇನ್ನು ಆ ದಿನದ ವಿಷಯ. ನಮ್ಮದು ಮೈದಾನದ ಕೊನೆಯ ಗೋಡೆಯ ಹಿಂದಿನ ಅಗ್ಗದ ಬೆಂಚು. ಅಲ್ಲಿ ಯಾರ ಹೆಸರಿಗೂ ಜಾಗ ಬರೆದಿಲ್ಲ, ಆದರೂ ಯಾರ ಜಾಗ ಯಾವುದೆಂದು ಎಲ್ಲರಿಗೂ ಗೊತ್ತು. ಅಪ್ಪನ ಎಡಗಡೆ ಅಮ್ಮನ ಜಾಗ. ಅಮ್ಮ ಹೋದ ಮೇಲೆ ಅದು ನನ್ನದು. ಅಲ್ಲಿ ನಾನು ಕೂರಲು ಹೊರಟಾಗ ಅಪ್ಪ, "ಲಿಯೋನಾ, ಸ್ವಲ್ಪ ಆ ಕಡೆ ಸರಿಯೇ, ವಿನಿಗೆ ಕಾಣ್ಲಿ" ಎಂದ. ಎಷ್ಟು ಸಲೀಸಾಗಿ ಅಂದ! ಹಿಂದಿನ ಬೆಂಚಿನ ದಢೂತಿ ಓಟಿಸ್ ನನ್ನನ್ನು ನೋಡಿ ಹುಬ್ಬು ಹಾರಿಸಿದ. "ಏನ್ ಲಿಯೋನಾ, ವರ್ಗಾವಣೆ ಆಯ್ತಾ?" ಎಂದು ಕೇಳಿ ಕಡಲೆಕಾಯಿ ಸಿಪ್ಪೆ ಉಗಿದ. ನಾನು ನಕ್ಕೆ. ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಸಾಸೇಜ್ ಬಂತು. ನೀವು ಅದರ ಮೇಲೆ ಟೊಮೆಟೊ ಸಾಸ್ ಬೇಕೆಂದಿರಿ. ಈ ಊರಿನಲ್ಲಿ ಸಾಸೇಜಿಗೆ ಸಾಸಿವೆ ಬಿಟ್ಟು ಬೇರೇನೂ ಹಾಕುವುದಿಲ್ಲ. ನನ್ನ ಹತ್ತನೆಯ ಹುಟ್ಟುಹಬ್ಬದ ದಿನ ಟೊಮೆಟೊ ಸಾಸ್ ಹಾಕಿಕೊಂಡೆನೆಂದು ಅಪ್ಪ ನನ್ನನ್ನು ಬೇರೆ ಮೇಜಿಗೆ ಕಳಿಸಿದ್ದ. ಅದೇ ಅಪ್ಪ ಮಂಡಿ ಎಳೆದುಕೊಂಡು ಕೆಳಗೆ ಹೋಗಿ, ಎಲ್ಲಿಂದಲೋ ಸಾಸ್ ಹುಡುಕಿ ತಂದು ತನ್ನ ಕೈಯಾರೆ ಹಾಕಿಕೊಟ್ಟ. "ನಿಂಗೆ ಹೆಂಗೆ ರುಚಿಯೋ ಹಂಗೆ ತಿನ್ನು ವಿನಿ" ಎಂದ. ಓಟಿಸ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ.

ಅದನ್ನೂ ನುಂಗಿಕೊಂಡೆ. ನುಂಗಲಾರದ್ದು ಪೆನ್ಸಿಲ್. ಪ್ರತಿ ಹೊಡೆತ, ಪ್ರತಿ ಓಟವನ್ನು ಅಪ್ಪ ಹಾಳೆಯ ಮೇಲೆ ಪುಟ್ಟ ಪುಟ್ಟ ಗುರುತು ಮಾಡಿ ಬರೆದಿಡುವುದನ್ನು ನೋಡಿದಿರಲ್ಲ. ಮನೆಯಲ್ಲಿ ಹನ್ನೊಂದು ಪೆಟ್ಟಿಗೆ ಹಾಳೆಗಳಿವೆ. ಅಮ್ಮ ಮುಟ್ಟುವಂತಿರಲಿಲ್ಲ, ನಾನು ಮುಟ್ಟುವಂತಿಲ್ಲ. ಒಂಬತ್ತು ವರ್ಷ ಪಕ್ಕದಲ್ಲಿ ಕೂತು ಪೆನ್ಸಿಲ್ ಚೂಪು ಮಾಡಿಕೊಟ್ಟಿದ್ದೇನೆ, ಅಷ್ಟೇ. ನೀವು ಕೂತು ಅರ್ಧ ಗಂಟೆ ಆಗಿರಲಿಲ್ಲ, "ತಗೋ, ಇದನ್ನ ನೀನೇ ಬರಿ" ಎಂದು ನಿಮ್ಮ ಕೈಗಿತ್ತು, ನಿಮ್ಮ ಬೆರಳ ಮೇಲೆ ತನ್ನ ಬೆರಳಿಟ್ಟು ಗುರುತು ಕಲಿಸಿದ. ನೀವು ತಪ್ಪು ಚೌಕದಲ್ಲಿ ಬರೆದಿರಿ. ಅವನು ನಕ್ಕ. ಆ ನಗು ನಮ್ಮ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಖುಷಿಪಡಬೇಕಾದವಳು ನಾನು, ಹೊಟ್ಟೆಕಿಚ್ಚಿನಿಂದ ಸತ್ತೆ.

ಮೂರನೆಯ ಇನ್ನಿಂಗ್ಸ್‌ನಲ್ಲಿ ಅಪ್ಪ ಬಿಯರ್ ತರಲು ಹೋಗಿದ್ದಾಗ ಎದುರಾಳಿ ಸೇಂಟ್ ಲೂಯಿಸ್ ತಂಡದವನೊಬ್ಬ ಹೊಡೆದ ಚೆಂಡು ಗೋಡೆ ದಾಟಿ ಓಟಿಸ್‌ನ ಕೈಗೆ ಬಂತು. "ಎಸಿ! ಎಸಿ!" ಎಂದು ಇಡೀ ಬೆಂಚು ಕೂಗಿತು. ಓಟಿಸ್ ಎದ್ದು ನಿಂತು ಚೆಂಡನ್ನು ಮೈದಾನಕ್ಕೆ ವಾಪಸ್ ಎಸೆದ. ಜನ ಶಿಳ್ಳೆ ಹೊಡೆದರು. ನೀವು ನನ್ನ ಕಡೆ ತಿರುಗಿ, ಯಾಕೆ ಎಸೆದ ಎಂದು ಕೇಳಿದಿರಿ. ಎದುರಾಳಿ ಹೊಡೆದ ಚೆಂಡನ್ನು ನಾವು ಇಟ್ಟುಕೊಳ್ಳುವುದಿಲ್ಲ, ಎಂಜಲೆಂಬಂತೆ ವಾಪಸ್ ಎಸೆಯುತ್ತೇವೆ. ನಮ್ಮವನು ಹೊಡೆದದ್ದಾದರೆ ಮನೆಗೆ ಒಯ್ದು ಗಾಜಿನ ಬೀರುವಿನಲ್ಲಿಡುತ್ತೇವೆ. ಇದು ಇಲ್ಲಿ ಎಳೆಮಕ್ಕಳಿಗೂ ಗೊತ್ತು. ನಾನು ನಿಮಗೆ ಹೇಳಿದ್ದು ಇಷ್ಟೇ: "ಇಲ್ಲಿ ಪದ್ಧತಿ ಹಂಗೆ. ಚೆಂಡು ಬಂದ್ರೆ ವಾಪಸ್ ಎಸೀಬೇಕು." ಉಳಿದರ್ಧ ನಾಲಿಗೆಯ ತುದಿಯಲ್ಲೇ ಇತ್ತು, ಬೇಕೆಂದೇ ನುಂಗಿದೆ. ನೀವು ಪಾಪ, "ನಮ್ಮ ಕ್ರಿಕೆಟ್ಟಲ್ಲೂ ಅಷ್ಟೇ ಕಣಮ್ಮ, ಚೆಂಡು ವಾಪಸ್ ಕೊಡ್ತೀವಿ" ಎಂದು ಸಂತೋಷಪಟ್ಟಿರಿ.

ಎಂಟನೆಯ ಇನ್ನಿಂಗ್ಸ್‌ನಲ್ಲಿ ನಮ್ಮ ಹುಡುಗ ಹೊಡೆದ. ಒಂದು ಓಟದಿಂದ ಹಿಂದಿದ್ದವರು ಆ ಒಂದೇ ಹೊಡೆತಕ್ಕೆ ಮುಂದಾದೆವು. ಚೆಂಡು ನೇರ ನಮ್ಮ ಕಡೆಗೇ ಬಂತು. ಅಪ್ಪ ಮೂವತ್ತಮೂರು ವರ್ಷದಿಂದ ತೊಡೆಯ ಮೇಲಿಟ್ಟುಕೊಂಡು ಕೂರುವ ಆ ಹಳೆ ಚರ್ಮದ ಕೈಗವಸು ನಿಮಗೆ ನೆನಪಿರಬೇಕು. ಅಷ್ಟೂ ವರ್ಷದಲ್ಲಿ ಅದಕ್ಕೆ ಒಂದು ಚೆಂಡೂ ಬಿದ್ದಿಲ್ಲ. ಅಂದೂ ಬೀಳಲಿಲ್ಲ. ಓಟಿಸ್‌ನ ಅಂಗೈಗೆ ಬಡಿದು ಪುಟಿದು, ನೀವು ಗಾಳಿ ಬೀಸಿಕೊಳ್ಳುತ್ತಿದ್ದ ಹುಲ್ಲಿನ ಟೋಪಿಯೊಳಗೆ ಬಂದು ಬಿತ್ತು. ಅಯ್ಯೋ, ಏನು ಗದ್ದಲ! ಅಪರಿಚಿತರೆಲ್ಲ ನಿಮ್ಮ ಬೆನ್ನು ತಟ್ಟುತ್ತಿದ್ದರು. ಅಪ್ಪ ಎರಡೂ ಕೈ ಚಾಚಿಕೊಂಡು ನಿಮ್ಮ ಕಡೆ ತಿರುಗುತ್ತಿದ್ದ. ಅವನ ಮುಖ ನೋಡಿದೆ. ನಾನು ಹುಟ್ಟಿದಾಗ ಹೀಗೆ ನೋಡಿದ್ದನೋ ಏನೋ, ನನಗೆ ನೆನಪಿರುವ ಕಾಲದಲ್ಲಂತೂ ಇಲ್ಲ.

ಅವನ ಕಡೆ ನೋಡುವ ಬದಲು ನೀವು ನನ್ನ ಕಡೆ ನೋಡಿದಿರಿ. ಏನು ಮಾಡಲಿ ಎಂದು ಕಣ್ಣಲ್ಲೇ ಕೇಳಿದಿರಿ.

"ಎಸೀರಿ" ಎಂದೆ.

ನೀವು ಎಸೆದಿರಿ. ಚೆನ್ನಾಗೇ ಎಸೆದಿರಿ, ಅರವತ್ತರ ಹೆಂಗಸಿನ ತೋಳು ಅನ್ನುವಂತಿರಲಿಲ್ಲ. ಓಟಿಸ್ ತಲೆ ಮೇಲೆ ಕೈ ಹೊತ್ತು, "ಅಯ್ಯೋ ನನ್ನ ತಾಯೀ, ನಮ್ಮೋನ್ ಹೊಡೆದಿದ್ದು ಕಣಮ್ಮಾ ಅದು!" ಎಂದು ಅರಚಿದ. ಮೇಲಿನ ಸಾಲಿನವರು ಛೀ ಥೂ ಅನ್ನತೊಡಗಿದರು. ಯಾರೋ ಬಿಯರ್ ಚೆಲ್ಲಿದರು, ನಿಮ್ಮ ಟೋಪಿ ತೊಯ್ದಿತು. "ಎಲ್ಲಿಂದ ತಂದ್ರಯ್ಯಾ ಈ ಮುದುಕೀನ? ಸೇಂಟ್ ಲೂಯಿಸ್ ಕಡೆಯೋಳಾ?" ಎಂದು ಒಬ್ಬ ಕೇಳಿದ. ನೀವು ನಗುತ್ತಲೇ ಇದ್ದಿರಿ, ಏನೋ ತಪ್ಪಾಗಿದೆ ಎಂದು ತಿಳಿಯುವ ತನಕ. ಆಮೇಲೆ ತೊಯ್ದ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದಿರಿ. ಅಪ್ಪ ಏನೂ ಅನ್ನಲಿಲ್ಲ. ನಿಮ್ಮ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಹಾಳೆಯಲ್ಲಿ ಆ ಹೊಡೆತವನ್ನು ಬರೆದ. ರೈಲಿನಲ್ಲಿಯೂ ಮಾತಾಡಲಿಲ್ಲ. ನಿಮ್ಮ ಮೇಲೆ ಕೋಪ ಅಂದುಕೊಂಡಿರಿ ನೀವು, ಮಾರನೆಯ ದಿನ ಪೆಟ್ಟಿಗೆ ಕಟ್ಟಿದಿರಿ. ಬಾಗಿಲಲ್ಲಿ ನನ್ನ ಕೈ ಹಿಡಿದು, "ನೀನು ಹೇಳಿದ್ದು ನಾನೇ ಸರಿಯಾಗಿ ತಿಳ್ಕೊಳ್ಳಲಿಲ್ಲ ಕಣಮ್ಮ, ಬೇಜಾರು ಮಾಡ್ಕೋಬೇಡ" ಎಂದಿರಿ. ಒದ್ದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ನೀವು ಸರಿಯಾಗಿಯೇ ತಿಳಿದುಕೊಂಡಿದ್ದಿರಿ. ನಾನೇ ಹಾಳು ಮಾಡಿದವಳು. ನೀವು ಹೋದ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ. ಮನೆ ಮತ್ತೆ ನಮ್ಮಿಬ್ಬರದಾಯಿತು ಎಂದುಕೊಂಡೆ. ಎಲ್ಲಿ ಬಂತು! ಅಪ್ಪ ಇದ್ದೂ ಇಲ್ಲದವನಾಗಿದ್ದಾನೆ. ಇದ್ದೊಬ್ಬನನ್ನು ನಿಮಗೆ ಬಿಟ್ಟುಕೊಡುವುದಿಲ್ಲವೆಂದು ಹಟ ಹಿಡಿದು ನಾನೂ ಕಳೆದುಕೊಂಡೆ. ನಲವತ್ತು ದಾಟಿದ ಹೆಂಗಸು ಹೀಗೆ ಬರೆಯಬೇಕಾಯಿತಲ್ಲ ಎಂದು ನಾಚಿಕೆಯಾಗುತ್ತದೆ.

ಅಪ್ಪನಿಗೆ ಇದೊಂದೂ ತಿಳಿಯದು. ಆ ಗಲಾಟೆಯಲ್ಲಿ ಯಾರ ಮಾತು ಯಾರಿಗೆ ಕೇಳಿಸಿತು? ಬಹಳ ದಿನದಿಂದ ಮನಸ್ಸು ಚುಚ್ಚುತ್ತಿತ್ತು, ಇವತ್ತು ಧೈರ್ಯ ಮಾಡಿ ಬರೆದೆ. ಮುಂದಿನ ಏಪ್ರಿಲ್‌ನಲ್ಲಿ ಆಟ ಮತ್ತೆ ಶುರುವಾಗುತ್ತದೆ, ಬನ್ನಿ. ಅಪ್ಪನ ಎಡಗಡೆಯಲ್ಲೇ ಕೂರಿ. ಓಟಿಸ್‌ಗೆ ಮತ್ತು ಆ ಬೆಂಚಿಗೆಲ್ಲ ನಿಜ ಏನೆಂದು ನಾನೇ ಎದ್ದು ನಿಂತು ಹೇಳುತ್ತೇನೆ. ಉಗಿಯುವುದಿದ್ದರೆ ನನಗೆ ಉಗಿಯಲಿ. ನೀವು ಟೊಮೆಟೊ ಸಾಸ್ ಹಾಕಿಕೊಂಡು ತಿನ್ನುವಾಗ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಮಾತ್ರ ಮಾತು ಕೊಡಲಾರೆ.

ಕ್ಷಮಿಸಲು ಆಗದಿದ್ದರೂ ಅಪ್ಪನಿಗೆ ಎರಡು ಸಾಲು ಬರೆಯಿರಿ.

ನಿಮಗೆ ಕೇಡು ಬಗೆದವಳು,
ಲಿಯೋನಾ

ತಾ.ಕ.: ಲಕೋಟೆಗೆ ಹಾಕಿದ ಕಾಗದವನ್ನು ಮತ್ತೆ ಹೊರತೆಗೆದೆ. ಅರ್ಧ ಹೇಳಿ ಅರ್ಧ ನುಂಗುವ ನನ್ನ ಚಾಳಿ ಇನ್ನೂ ಹೋಗಿಲ್ಲ. ಇದರ ಜೊತೆಗಿರುವ ಮೂರು ಪತ್ರಗಳು ಅಪ್ಪ ನಿಮಗೆ ಬರೆದವು. ಅಂಚೆ ಕಚೇರಿ ನನ್ನ ಕೆಲಸದ ದಾರಿಯಲ್ಲಿದೆ ಎಂದು ನನ್ನ ಕೈಗೇ ಕೊಡುತ್ತಿದ್ದ. ನಾನು ಒಂದನ್ನೂ ಹಾಕಲಿಲ್ಲ. ಎರಡನ್ನು ಒಡೆದಿಲ್ಲ. ಮೂರನೆಯದನ್ನು ಮೊನ್ನೆ ಭಾನುವಾರ ಕೆಟಲಿನ ಹಬೆ ಹಿಡಿದು ಬಿಡಿಸಿ ಓದಿದೆ. ಅಪ್ಪನಿಗೆ ತಿಳಿಯದು ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಅವನು ನಿಮಗೆ ಹೀಗೆ ಬರೆದಿದ್ದಾನೆ: "ಎಸಿ ಅಂತ ನಿನಗೆ ಹೇಳಿದ್ದು ನನ್ನ ಮಗಳು. ಅವಳ ಬಾಯಿ ಆಡಿದ್ದನ್ನು ನಾನು ನೋಡಿದೆ. ಅಲ್ಲಿ ನಾನು ಮಾತಾಡಿದ್ದರೆ ಅಷ್ಟು ಜನವೂ ಅವಳ ಮೇಲೆ ಬೀಳುತ್ತಿದ್ದರು. ನೀನು ಊರಿಗೆ ಹೋಗುವವಳು, ಅವಳು ಆಯುಸ್ಸೆಲ್ಲ ಅವರ ನಡುವೆ ಕೂರಬೇಕಾದವಳು. ಅದಕ್ಕೆ ನಿನ್ನ ಮಾನ ಕೊಟ್ಟು ಅವಳ ಮಾನ ಉಳಿಸಿದೆ, ವಿನಿ. ಅವಳಾಗಿ ಹೇಳುವ ತನಕ ನಾನು ಕೇಳುವುದಿಲ್ಲ."

ಆ ಮೂರನೆಯ ಪತ್ರ ಅಂಟಿಸಿ ನನ್ನ ಕೈಗೆ ಕೊಡುವಾಗ ಅಪ್ಪ ನನ್ನ ಕೆನ್ನೆ ತಟ್ಟಿ, "ಮರೀದೆ ಹಾಕಮ್ಮ" ಎಂದಿದ್ದ.