ಸುರಂಗದ ಇಲಿಗಳು

ಡ್ರೆಸ್ಡೆನ್,
೧೩ ಅಕ್ಟೋಬರ್ ೨೦೨೫

ಪ್ರೀತಿಯ ಶ್ರೀಲಕ್ಷ್ಮಿ,

ನಿನ್ನ ಕೆಮ್ಮು ಹೇಗಿದೆ? ಆ ಊರಿನ ಮಳೆಗೆ ಛತ್ರಿಯೊಂದೇ ಸಾಲದು, ಕೊರಳಿಗೆ ಮಫ್ಲರ್ ಸುತ್ತಿಕೋ. ನಾನು ಕ್ಷೇಮ. ರೈಲು ತಡವಾಯಿತು, ಅದು ಸುದ್ದಿಯಲ್ಲ. ಫೋನಿನಲ್ಲಾದರೆ ಹೇಳಬೇಕಾದದ್ದನ್ನು ಬಿಟ್ಟು ಹವಾಮಾನದ ಮಾತಾಡಿ ಮುಗಿಸುತ್ತೇನೆಂದು ಬರೆಯುತ್ತಿದ್ದೇನೆ. ಮೊದಲು ಸಂಗತಿಗಳು:

೧. ಹ್ಯಾಂಬರ್ಗಿನಲ್ಲಿ ಇನ್ನೆರಡು ವರ್ಷ ಮುಂದುವರಿಯುವಂತೆ ನಿನ್ನ ಕಚೇರಿಯವರು ಕೇಳಿದ್ದಾರೆ. ಒಪ್ಪಿಕೊಳ್ಳಲೇ ಎಂದು ನೀನು ನನ್ನನ್ನು ಕೇಳಿದ್ದೀಯ.
೨. ಊರು ನೋಡಿ ಹೇಳುತ್ತೇನೆಂದು ನಾನು ಬಂದೆ. ನಿಜವೆಂದರೆ, ಬೇಡವೆನ್ನಲು ನಿಶ್ಚಯಿಸಿಕೊಂಡೇ ರೈಲು ಹತ್ತಿದ್ದೆ.
೩. ಕಾರಣ ಯಶವಂತ್. ಅವನ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮೂರನೆಯದಕ್ಕೆ ವಿವರಣೆ ಅಗತ್ಯ. ವಸಂತದಿಂದಲೂ ನೀನು ಭಾನುವಾರಗಳಂದು ಅಲ್ಲಿನ ಕನ್ನಡದವರ ಗುಂಪಿನೊಂದಿಗೆ ಊರು ನೋಡಲು ಹೋಗುತ್ತೀಯ. ಸಂಜೆ ಫೋನಿನಲ್ಲಿ ನಿನ್ನ ಮಾತು ಶುರುವಾಗುವುದೇ ‘ಯಶವಂತ್ ಹೇಳಿದ್ರು’ ಎಂದು. ಕೆಂಪಿಟ್ಟಿಗೆಯ ಉಗ್ರಾಣಗಳೆಲ್ಲ ನೀರಿನಡಿಯ ಮರದ ಕಂಬಗಳ ಮೇಲೆ ನಿಂತಿವೆಯಂತೆ. ಮಿಖಾಯೆಲಿಸ್ ಚರ್ಚಿನ ಗೋಪುರ ಕಂಡರೆ ಮನೆ ಬಂತೆಂದು ನಾವಿಕರು ಅಳುತ್ತಿದ್ದರಂತೆ. ಎಲ್ಲವೂ ಯಶವಂತ್ ಹೇಳಿದ್ದು. ಇಲ್ಲಿ ಬಾಂಬಿಗೆ ಕುಸಿದ ಫ್ರಾವೆನ್‌ಕಿರ್ಖೆ ಚರ್ಚನ್ನು ಕಪ್ಪಾದ ಹಳೆಯ ಕಲ್ಲುಗಳನ್ನೂ ಹೊಸ ಕಲ್ಲುಗಳನ್ನೂ ಜೋಡಿಸಿ ಹೇಗೆ ಮತ್ತೆ ನಿಲ್ಲಿಸಿದರೆಂದು, ಗುಮ್ಮಟದ ಭಾರ ಎಲ್ಲೆಲ್ಲಿ ಇಳಿಯುತ್ತದೆಂಬುದರ ಸಮೇತ, ನಾನು ನಿನಗೆ ವಿವರಿಸಿದ್ದೇನೆ. ಅದನ್ನು ‘ನಮ್ಮವರು ಹೇಳಿದ್ರು’ ಎಂದು ನೀನು ಯಾರಿಗಾದರೂ ಹೇಳಿದ್ದುಂಟೇ? ಬೇಸಿಗೆಯೆಲ್ಲ ಈ ಪ್ರಶ್ನೆ ಕಾಡಿತು. ಚಿಪ್ ಕಾರ್ಖಾನೆಯ ಧೂಳಿಲ್ಲದ ಕ್ಲೀನ್‌ರೂಮಿನಲ್ಲಿ ಕಣ್ಣಷ್ಟೇ ಬಿಟ್ಟು ಮೈಯೆಲ್ಲ ಮುಚ್ಚಿಕೊಂಡು ನಿಂತಾಗಲೂ ಕಾಡಿತು.

ನಿನ್ನೆ ನೀನು ನನ್ನನ್ನು ಎಲ್ಬೆ ನದಿಯ ಅಡಿಯ ಹಳೆಯ ಸುರಂಗಕ್ಕೆ ಕರೆದೊಯ್ದೆ. ಗಾಡಿಗಳನ್ನೇ ಕೆಳಗಿಳಿಸುತ್ತಿದ್ದ ಆ ಲಿಫ್ಟುಗಳ ಬಗ್ಗೆ ನಾನು ಓದಿಕೊಂಡು ಬಂದಿದ್ದೆ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಗೋಡೆಯ ಉಬ್ಬುಚಿತ್ರದ ಇಲಿಗಳನ್ನು ತೋರಿಸಿದೆ. ಸುರಂಗ ತೋಡುವಾಗ ಕೂಲಿಯವರಿಗಿಂತ ಮುಂಚೆ ಆಚೆ ದಡ ಮುಟ್ಟಿದ್ದು ಇಲಿಗಳಂತೆ, ಅದಕ್ಕೇ ಅವಕ್ಕೆ ಈ ಮರ್ಯಾದೆಯಂತೆ. ಇದೂ ಯಶವಂತ್ ಹೇಳಿದ್ದು. ಆಧಾರವೇನೆಂದು ನಾನು ಕೇಳಿದೆ.

“ಆಧಾರ ಯಾಕ್ರೀ? ಕೇಳೋಕೆ ಚೆನ್ನಾಗಿದೆಯಲ್ಲ” ಎಂದು ನೀನು ನಕ್ಕೆ.

ಅಂಥವರ ಮಾತೇ ರುಚಿಸುವುದಾದರೆ ಅವರೊಂದಿಗೇ ಇರು ಎಂದುಬಿಟ್ಟೆ. ಆಚೆ ದಡದವರೆಗೂ, ಮರಳಿ ಬರುವಾಗಲೂ ನೀನು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ.

ದೋಣಿಕಟ್ಟೆಯಲ್ಲಿ ಯಶವಂತ್ ಎದುರಾದ. ಹೊಟ್ಟೆ ಬಂದಿರುವ, ನೆಗಡಿಯಾಗಿರುವ ಸಾಧಾರಣ ಮನುಷ್ಯ. ಅದರಿಂದಲೂ ನನಗೆ ಸಮಾಧಾನವಾಗಲಿಲ್ಲ. ನೀನು ಕಾಫಿ ತರಲು ಹೋದಾಗ ಇಲಿಗಳ ಕಥೆ ಎಲ್ಲಿ ಸಿಕ್ಕಿತೆಂದು ಅವನನ್ನು ಕೇಳಿದೆ.

“ನಂಗೇನ್ ಗೊತ್ತು ಸರ್? ಅದು ಮೇಡಂ ಹೇಳಿದ್ದು. ನಮ್ಗೆಲ್ಲ ಅವ್ರೇ ಗೈಡು. ಅವ್ರು ಕಥೆ ಶುರು ಮಾಡಿದ್ರೆ ಫೆರಿ ಬಂದು ಹೋದ್ರೂ ಯಾರೂ ಏಳಲ್ಲ. ನಿಮ್ಗಾದ್ರೆ ಮನೇಲಿದ್ದಾಗೆಲ್ಲ ಇದೇ ಮಜಾ, ಅಲ್ವಾ?”

ಹೌದು ಎಂದೆ. ಅದು ಸುಳ್ಳು.

ನೀನು ಕಾಫಿ ತಂದೆ. ಕುಡಿದು ಮುಗಿಸಿ ನಾನು ರೈಲು ಹತ್ತಿದೆ. ರೈಲಿನಲ್ಲಿ ಕೂತು ಯೋಚಿಸಿದೆ. ಮಾತು ನಿನ್ನದೆಂದರೆ ನಾನು ಆಧಾರ ಕೇಳುತ್ತೇನೆ; ಬೇರೊಬ್ಬರ ಹೆಸರು ಹಚ್ಚಿದರೆ ಕೊನೆಯವರೆಗೆ ಕೇಳಿಸಿಕೊಳ್ಳುತ್ತೇನೆಂದು ನೀನು ಎಣಿಸಿರಬೇಕು. ಇದು ತಿಳಿದ ಮೇಲೂ ಹೊಟ್ಟೆಕಿಚ್ಚು ಆರಿಲ್ಲ. ಮೊದಲು ಒಬ್ಬನ ಮೇಲಿತ್ತು. ಈಗ ನಿನ್ನ ಸುತ್ತ ಕೂತು ಕಥೆ ಕೇಳುವ ಆ ಗುಂಪಿನ ಪ್ರತಿಯೊಬ್ಬರ ಮೇಲೂ, ಅವರ ತಳ್ಳುಗಾಡಿಯ ಕೂಸುಗಳ ಮೇಲೂ ಇದೆ.

ಕಷಾಯ ತಪ್ಪಿಸಬೇಡ. ಮೈಸೂರಿಗೆ ಫೋನ್ ಮಾಡಿದರೆ ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಆರೋಗ್ಯ ಜೋಪಾನ.

ನಿನ್ನ
ರಘುನಂದನ

ವಿ. ಸೂ.: ಅಂಚೆಯವನು ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಚುಟುಕಾಗಿ ಹೇಳುತ್ತೇನೆ. ಎರಡು ವರ್ಷಕ್ಕೆ ಸಹಿ ಹಾಕು. ನಿನ್ನ ಪಕ್ಕದ ಜಾಗವನ್ನು ಯಾರಿಗೂ ಬಿಟ್ಟುಕೊಡಬೇಡ. ಇನ್ನು ಮುಂದೆ ಭಾನುವಾರಗಳಂದು ನಾನೂ ಆ ಗುಂಪಿನೊಂದಿಗೆ ನಡೆಯಲು ತೀರ್ಮಾನಿಸಿದ್ದೇನೆ.