ತೊಳೆದ ಪೀಪಾಯಿ

ಗೋವಿಂದರಾಜನಗರ
೨೮ ಅಕ್ಟೋಬರ್ ೨೦೨೪

ಚಿ. ವಚನಾಗೆ ಅಮ್ಮನ ಆಶೀರ್ವಾದಗಳು.

ನೀನು ಧಾರವಾಡಕ್ಕೆ ಹೋದಾಗಿನಿಂದ ಬರೆಯಲು ಕೂರುತ್ತೇನೆ, ಏಳುತ್ತೇನೆ. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಮುತ್ತವ್ವ ಚಿಕ್ಕಮ್ಮನ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣು.

ಮೊನ್ನೆ ಸಿಟ್ಟು ತಡೆಯಲಾಗಲಿಲ್ಲ ಕಣೇ. ಆಟೋ ಹಿಡಿದು ಸೀದಾ ರಾಜಾಜಿನಗರಕ್ಕೆ, ನೀನು ಬಿಯರ್ ಮಾಡುತ್ತಿದ್ದ ಪಬ್ಬಿಗೇ ಹೋದೆ. ಬಾಗಿಲಲ್ಲಿದ್ದವನು ನನ್ನನ್ನು ನೋಡಿ, "ಆಂಟಿ, ಬ್ಯಾಂಕು ಪಕ್ಕದ ಬಿಲ್ಡಿಂಗು" ಅಂದ. "ಬ್ಯಾಂಕಲ್ಲಪ್ಪ, ನಿನ್ನ ಓನರ್ ಬೇಕು" ಅಂದೆ.

ಮಧ್ವೇಶ್ ನಗುತ್ತಲೇ ಬಂದ. "ಕೂತ್ಕೊಳಿ ಆಂಟಿ, ಜ್ಯೂಸ್ ತಗೋತೀರಾ?"

"ಜ್ಯೂಸ್ ಬೇಡ. ಎಲ್ಲರ ಎದುರಿಗೆ ನನ್ನ ಮಗಳನ್ನ ಕೆಲಸದಿಂದ ತೆಗೆದ್ರಲ್ಲ, ಆ ಪೀಪಾಯಿ ತೊಳೆದಿದ್ದು ಅವಳಾ?"

"ಜವಾಬ್ದಾರಿ ಅವಳದ್ದೇ ಅಲ್ವಾ ಆಂಟಿ?"

"ಆಯುಧಪೂಜೆ ದಿನ ಬೂದುಗುಂಬಳ ತರೋಕೆ ಅವಳನ್ನ ವಿಜಯನಗರ ಮಾರ್ಕೆಟ್ಟಿಗೆ ಅಟ್ಟಿದ್ದು ಯಾರು?"

ಅವನ ನಗು ನಿಂತಿತು. ನಾನು ಬಿಡಲಿಲ್ಲ. ಪೂಜೆಯ ಹಿಂದಿನ ದಿನ ರೊಟ್ಟಿ ತಿನ್ನುತ್ತಾ ನೀನು ನಮಗೆ ಹೇಳಿದ್ದನ್ನೆಲ್ಲ ಅವನಿಗೆ ಒಪ್ಪಿಸಿದೆ. ಓಕ್ ಮರದ ಪೀಪಾಯಿಯ ಒಳಮೈಯನ್ನು ಬೆಂಕಿಯಿಂದ ಸುಟ್ಟು, ಅಮೆರಿಕದವರು ಅದರಲ್ಲಿ ವರ್ಷಗಟ್ಟಲೆ ಬೂರ್ಬನ್ ಅನ್ನೋ ವಿಸ್ಕಿ ಇಡುತ್ತಾರೆ. ಬೂರ್ಬನ್ ಬಸಿದುಕೊಂಡ ಮೇಲೂ ಮರ ಕುಡಿದದ್ದು ಮರದಲ್ಲೇ ಉಳಿಯುತ್ತದೆ. ನಿನ್ನ ಕಪ್ಪು ಬಿಯರನ್ನು ಅದರಲ್ಲಿ ಕೆಲವು ತಿಂಗಳು ಮಲಗಿಸಿದರೆ ವೆನಿಲಾ, ಕೊಬ್ಬರಿ, ಸುಟ್ಟ ಬೆಲ್ಲದ ಘಮ ಎಲ್ಲ ಅದಕ್ಕಿಳಿಯುತ್ತದೆ. ನಮ್ಮೂರಲ್ಲಿ ಅವ್ವ ಮೊಸರಿನ ಗಡಿಗೆಗೆ ಸೀಗೆಪುಡಿ ಸೋಕಲು ಬಿಡುತ್ತಿರಲಿಲ್ಲ, ಅದೇ ಲೆಕ್ಕ. ನೀನು ಅಲ್ಲಿಂದ ತರಿಸಿದ್ದ ಅಂಥ ಪೀಪಾಯಿಗಳಿಗೆ ಇವರು ಸೋಪಿನ ಪುಡಿ, ಕುದಿಯುವ ನೀರು ಹಾಕಿ ಉಜ್ಜಿ, ಬಿಸಿಲಿಗಿಟ್ಟು, ಮೇಲೆ ವಿಭೂತಿ ಪಟ್ಟೆ ಎಳೆದಿದ್ದಾರೆ! ಘಮವೂ ಹೋಯಿತು, ಹಲಗೆಯೂ ಸಂದು ಬಿಟ್ಟಿತು.

"ಹಿರಿಯರು ಹೇಳಿದ್ರು ಆಂಟಿ, ದೇವರಿಡೋ ಜಾಗ, ಹೆಂಡದ ವಾಸನೆ ಇರಬಾರದು ಅಂತ."

"ಬಿಯರ್ ಮಾರೋ ಮನೇಲಿ ಹೆಂಡದ ವಾಸನೆ ಬೇಡವಂತಾ? ಯಾರಯ್ಯಾ ಆ ಹಿರಿಯ? ಕರಿ ಇಲ್ಲಿಗೆ, ಅವನ ಜನ್ಮ ಜಾಲಾಡಿಸ್ತೀನಿ!"

ಅವನು ಹೆಸರು ಹೇಳಿದ. ನಾನು ಎದ್ದು ಬಂದುಬಿಟ್ಟೆ.

ನೀನು ತಲೆ ತಗ್ಗಿಸಬೇಡ ಮಗಳೇ. ಅಲ್ಲಿಂದ ಗೋವಾ ಹತ್ತಿರ, ಅಲ್ಲಿಯೂ ಕೆಲಸ ಕೇಳಿ ನೋಡು. ನಿನ್ನ ಕೈಗೆ ಒಳ್ಳೆಯದಾಗಲಿ, ಹೋದ ಕಡೆ ನಿನಗೆ ಮರ್ಯಾದೆ ಸಿಗಲಿ.

ಇಂತಿ ನಿನ್ನ ಅಮ್ಮ,
ಜಗದಾಂಬಾ

ತಾ. ಕ.: ಆ ಹಿರಿಯರು ನಿನ್ನ ಅಪ್ಪ. ಮಗಳು ಕೆಲಸ ಮಾಡುವ ಜಾಗ ನೋಡುತ್ತೇನೆ ಅಂತ ಅವತ್ತು ನಿನ್ನ ಜೊತೆ ಪೂಜೆಗೆ ಹೊರಟಿದ್ದರಲ್ಲ. ಮಡಿಯ ಯೋಚನೆಯಲ್ಲಿ ತಿಳಿಯದೆ ಹೇಳಿರಬೇಕು ಅಂದುಕೊಳ್ಳಲು ನೋಡಿದೆ, ಆಗಲಿಲ್ಲ. ಹಿಂದಿನ ದಿನ ರೊಟ್ಟಿ ಮುರಿಯುತ್ತಾ, "ಅದನ್ನ ತೊಳೆದುಬಿಟ್ರೆ ಏನಾಗ್ತದವ್ವಾ?" ಅಂತ ಕೇಳಿದವರು ಅವರೇ. ನಿನ್ನ ಕೆಲಸದ ಬಗ್ಗೆ ಅಪ್ಪ ಮೊದಲ ಸಲ ಒಂದು ಮಾತು ಕೇಳಿದರು ಅಂತ ನೀನು ಎಷ್ಟು ಹಿಗ್ಗಿದೆ ಅಂದರೆ, ಹೇಳುತ್ತಾ ಹೇಳುತ್ತಾ ತಟ್ಟೆಯಲ್ಲಿದ್ದ ರೊಟ್ಟಿ ಆರಿಹೋಗಿತ್ತು.